ದ್ರಾವಕ ಬದಲಾದರೆ ರಚನೆ ಬದಲು: ಪೆಪ್ಟೈಡ್ ನ್ಯಾನೊವಸ್ತುಗಳ ಸ್ವಯಂ-ಜೋಡಣೆಗೆ ಸಮಗ್ರ ಮಾರ್ಗದರ್ಶಿ

ಡೈಫಿನೈಲ್‌ಅಲನಿನ್‌ನಲ್ಲಿರುವುದು ಎರಡೇ ಅಮೈನೋ ಆಮ್ಲ. ಪ್ರಯೋಗಾಲಯದ ಮಾತಿನಲ್ಲಿ ಅದು ಎಫ್‌ಎಫ್. ಅಮೈನೋ ಆಮ್ಲಗಳ ಇಂಥ ಚಿಕ್ಕ ಸರಪಳಿಯೇ ಪೆಪ್ಟೈಡ್; ದ್ರಾವಣದಲ್ಲಿ ಅದರ ಅಣುಗಳು ತಾವಾಗಿ ಕೂಡಿ ಕೊಳವೆ, ನಾರು, ಗೋಳಗಳಾಗುವುದೇ ಸ್ವಯಂ-ಜೋಡಣೆ. ಪ್ರಬಂಧದಲ್ಲಿ ಕೊಟ್ಟ ಅಳತೆಯನ್ನೇ ಹಾಕಿದರೂ ಪ್ರಬಂಧದ ಚಿತ್ರದಲ್ಲಿದ್ದ ಕೊಳವೆ ಬರುವುದಿಲ್ಲ ಎಂಬುದು ಇದನ್ನು ಮೊದಲ ಬಾರಿ ಕೈಗೆತ್ತಿಕೊಂಡವರ ಸಾಮಾನ್ಯ ದೂರು. ಒಬ್ಬರಿಗೆ ಬಿಳಿ ಮುದ್ದೆ, ಇನ್ನೊಬ್ಬರಿಗೆ ಸೂಜಿ ಹರಳು. ಮತ್ತೊಬ್ಬರಿಗೆ ಸೋಮವಾರ ಸೊಗಸಾದ ಕೊಳವೆ, ಗುರುವಾರ ಬರೀ ತಿಳಿನೀರು. ಪೆಪ್ಟೈಡಿನ ತೂಕ, ಹೊತ್ತು, ಉಷ್ಣತೆ ಎಲ್ಲವನ್ನೂ ತಿರುಗಿಸಿ ನೋಡುತ್ತಾರೆ. ದ್ರಾವಕವನ್ನು ಮಾತ್ರ ಕರಗಿಸುವ ಸಾಧನ ಎಂದುಕೊಂಡು ಬಿಟ್ಟುಬಿಡುತ್ತಾರೆ.

ಎಡವುವುದು ಅಲ್ಲೇ. ಸ್ಟಾಕ್ (ಮೊದಲು ಮಾಡಿಟ್ಟು ಆಮೇಲೆ ತೆಳುಗೊಳಿಸುವ ಗಟ್ಟಿ ದ್ರಾವಣ) ಮಾಡಲು ಬಳಸಿದ ದ್ರಾವಕ ಕೆಲಸ ಮುಗಿಸಿ ಎದ್ದು ಹೋಗುವುದಿಲ್ಲ. ಕೊನೆಯ ಮಿಶ್ರಣದಲ್ಲೂ ಇರುತ್ತದೆ, ಒಣಗಿಸುವಾಗಲೂ ಇರುತ್ತದೆ, ಕೆಲವೊಮ್ಮೆ ಹರಳಿನೊಳಗೂ ಕೂತಿರುತ್ತದೆ. ಆದ್ದರಿಂದ ಪ್ರತಿ ಹಂತದಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಕ್ಷಣದಲ್ಲಿ ಪೆಪ್ಟೈಡಿನ ಸುತ್ತ ಯಾವ ದ್ರಾವಕ ಎಷ್ಟು ಪಾಲಿದೆ?

## ಕೈ ಹಾಕುವ ಮೊದಲು: ದ್ರಾವಕದ ಕೆಲಸ ಏನು

ಎಫ್‌ಎಫ್ ಅಣುವಿನಲ್ಲಿ ಎರಡು ಬೆಂಜೀನ್ ಉಂಗುರಗಳಿವೆ, ಒಂದು ತುದಿಯಲ್ಲಿ ಧನ ಆವೇಶದ ಅಮೈನ್, ಇನ್ನೊಂದು ತುದಿಯಲ್ಲಿ ಋಣ ಆವೇಶದ ಕಾರ್ಬಾಕ್ಸಿಲೇಟ್. ನೀರಿನಲ್ಲಿ ಉಂಗುರಗಳು ನೀರಿನಿಂದ ತಪ್ಪಿಸಿಕೊಳ್ಳಲು ಒಂದಕ್ಕೊಂದು ಒತ್ತಿ ನಿಲ್ಲುತ್ತವೆ. ಆವೇಶದ ತುದಿಗಳು ತಲೆಗೆ ಬಾಲ ಕೊಟ್ಟು ಸಾಲಾಗುತ್ತವೆ. ಆರು ಅಣುಗಳು ಸೇರಿ ಒಂದು ಬಳೆ, ಬಳೆಗಳು ಒಂದರ ಮೇಲೊಂದು ಕೂತು ಸುಮಾರು 1 ನ್ಯಾನೊಮೀಟರ್ ಅಗಲದ ಸುರಂಗ. ಆ ಸುರಂಗದೊಳಗೆ ನೀರಿನ ಅಣುಗಳೇ ತುಂಬಿರುತ್ತವೆ. ಅಂದರೆ ನೀರು ಇಲ್ಲಿ ಬರೀ ಮಾಧ್ಯಮವಲ್ಲ, ಕಟ್ಟಡದ ಸಾಮಗ್ರಿಯೂ ಹೌದು. ನೀರು ತೆಗೆದು ಟಾಲೀನ್ ಇಟ್ಟರೆ ಅದೇ ಕಟ್ಟಡ ಏಳದಿರುವುದು ಸಹಜ.

ದ್ರಾವಕವನ್ನು ಅಳೆಯಲು ಡೈಎಲೆಕ್ಟ್ರಿಕ್ ಸ್ಥಿರಾಂಕವೊಂದನ್ನೇ (ಆವೇಶಗಳ ನಡುವಿನ ಸೆಳೆತವನ್ನು ದ್ರಾವಕ ಎಷ್ಟು ತಗ್ಗಿಸುತ್ತದೆ ಎಂಬ ಅಂಕಿ) ನೋಡುವ ರೂಢಿ ಇದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿಗೆ ಸುಮಾರು 78, ಡಿಎಂಎಸ್‌ಒಗೆ (ಡೈಮೀಥೈಲ್ ಸಲ್ಫಾಕ್ಸೈಡ್) 47, ಮೆಥನಾಲ್‌ಗೆ 33, ಎಥನಾಲ್‌ಗೆ 24, ಎಚ್‌ಎಫ್‌ಐಪಿಗೆ (ಹೆಕ್ಸಾಫ್ಲೂರೋಐಸೊಪ್ರೊಪನಾಲ್) 17ರ ಆಸುಪಾಸು, ಟಾಲೀನ್‌ಗೆ 2.4. ಇದನ್ನಷ್ಟೇ ನಂಬಿದರೆ ಎಚ್‌ಎಫ್‌ಐಪಿ ಎಥನಾಲ್‌ಗಿಂತ ಕಳಪೆ ದ್ರಾವಕ ಆಗಬೇಕಿತ್ತು. ವಾಸ್ತವ ಉಲ್ಟಾ. ಮಿಲಿಲೀಟರಿಗೆ 100 ಮಿಲಿಗ್ರಾಂ ಎಫ್‌ಎಫ್ ಅದರಲ್ಲಿ ಸಲೀಸಾಗಿ ಕರಗುತ್ತದೆ.

ಕಾರಣ ಹೈಡ್ರೋಜನ್ ಬಂಧ. ಕ್ಯಾಮ್ಲೆಟ್-ಟ್ಯಾಫ್ಟ್ ಮಾಪನದಲ್ಲಿ ಹೈಡ್ರೋಜನ್ ಕೊಡುವ ಶಕ್ತಿ ನೀರಿಗೆ 1.17, ಎಚ್‌ಎಫ್‌ಐಪಿಗೆ 1.96. ಪಡೆಯುವ ಶಕ್ತಿ ಎಚ್‌ಎಫ್‌ಐಪಿಗೆ ಹೆಚ್ಚುಕಡಿಮೆ ಸೊನ್ನೆ. ಪೆಪ್ಟೈಡಿನ ಕಾರ್ಬಾನಿಲ್‌ಗಳನ್ನು ಅದು ಬಿಗಿಯಾಗಿ ಹಿಡಿದು, ಅವು ಪರಸ್ಪರ ಕೈ ಹಿಡಿಯದಂತೆ ತಡೆಯುತ್ತದೆ. ಡಿಎಂಎಸ್‌ಒ ಇದರ ತದ್ವಿರುದ್ಧ: ಕೊಡುವ ಶಕ್ತಿ 0, ಪಡೆಯುವ ಶಕ್ತಿ 0.76. ಅದು ಪೆಪ್ಟೈಡಿನ ಎನ್‌ಎಚ್ ಭಾಗವನ್ನು ಹಿಡಿಯುತ್ತದೆ. ಕರಗಿಸುವುದು ಎರಡೂ, ಹಿಡಿಯುವ ಜಾಗ ಬೇರೆ. ಹಾಗಾಗಿ ಒಂದರ ಬದಲಿಗೆ ಇನ್ನೊಂದನ್ನು ಹಾಕಿ ಅದೇ ಫಲಿತಾಂಶ ಕೇಳಬಾರದು.

## ಬೇಕಾಗುವ ಸಾಮಾನು, ಮತ್ತು ಕರಗಿಹೋಗುವ ಸಾಮಾನು

- ಎಫ್‌ಎಫ್ ಪುಡಿ (ಅಣುಭಾರ 312.4), ಜೆಲ್ ಮಾಡುವವರಿಗೆ ಎಫ್‌ಮಾಕ್-ಎಫ್‌ಎಫ್ (ಅಮೈನ್ ತುದಿಗೆ ಎಫ್‌ಮಾಕ್ ಎಂಬ ರಕ್ಷಕ ಗುಂಪು ಕಟ್ಟಿದ ಎಫ್‌ಎಫ್, ಅಣುಭಾರ 534.6)
- ಎಚ್‌ಎಫ್‌ಐಪಿ, ಡಿಎಂಎಸ್‌ಒ, ಎಥನಾಲ್, ಟಾಲೀನ್: ಚಿಕ್ಕ ಬಾಟಲಿಗಳಲ್ಲಿ, ತೆರೆದ ದಿನಾಂಕ ಬರೆದು
- 18.2 ಮೆಗಾಓಮ್ (ಅತಿಶುದ್ಧ) ನೀರು, 0.22 ಮೈಕ್ರಾನ್ ಸೋಸಿದ್ದು
- ಟೆಫ್ಲಾನ್ ಒಳಪದರದ ಮುಚ್ಚಳವಿರುವ 2 ಮಿಲಿಲೀಟರ್ ಗಾಜಿನ ವಯಲ್‌ಗಳು
- 25 ಮತ್ತು 100 ಮೈಕ್ರೋಲೀಟರಿನ ಗಾಜಿನ ಸಿರಿಂಜ್
- 0.01 ಮಿಲಿಗ್ರಾಂ ತೋರಿಸುವ ತಕ್ಕಡಿ, ನೀರಿನ ಬಾತ್, ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕ

ಎಚ್‌ಎಫ್‌ಐಪಿ ನೈಲಾನನ್ನೂ ಪೆಟ್ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ನೈಲಾನ್ ಸಿರಿಂಜ್ ಫಿಲ್ಟರಿನಲ್ಲಿ ಸ್ಟಾಕ್ ಸೋಸಿದರೆ ನಿಮ್ಮ ಪೆಪ್ಟೈಡಿನ ಜೊತೆ ನೈಲಾನೂ ಇಳಿಯುತ್ತದೆ, ನೀರು ಸೇರಿಸಿದ ಕೂಡಲೇ ಅದು ನಾರುನಾರಾಗಿ ಹೊರಬರುತ್ತದೆ. ಆ ನಾರನ್ನು ನ್ಯಾನೊಫೈಬರ್ ಎಂದು ನಂಬಿ ತಿಂಗಳು ಕಳೆಯುವುದು ಕಷ್ಟವೇನಲ್ಲ. ಟೆಫ್ಲಾನ್ ಫಿಲ್ಟರ್ ಮಾತ್ರ ಬಳಸಿ. ಡಿಎಂಎಸ್‌ಒಗೆ ಸೆಲ್ಯುಲೋಸ್ ಅಸಿಟೇಟ್ ಫಿಲ್ಟರ್ ಆಗದು. ಟಾಲೀನ್ ಮತ್ತು ಡೈಕ್ಲೋರೋಮೀಥೇನ್ ಪಾಲಿಸ್ಟೈರೀನ್ ಕ್ಯುವೆಟ್ಟನ್ನೂ (ಬೆಳಕಿನ ಹೀರಿಕೆ ಅಳೆಯುವ ಚಿಕ್ಕ ಪಾತ್ರೆ) 96 ಗುಳಿಗಳ ತಟ್ಟೆಯನ್ನೂ ಕರಗಿಸುತ್ತವೆ.

ಸುರಕ್ಷತೆ: ಎಚ್‌ಎಫ್‌ಐಪಿ ಕಣ್ಣಿಗೆ ತಾಗಿದರೆ ಶಾಶ್ವತ ಹಾನಿ ಆಗಬಹುದು. ಕುದಿಬಿಂದು 58 ಡಿಗ್ರಿ, ಆವಿ ಬೇಗ ಏಳುತ್ತದೆ. ಫ್ಯೂಮ್ ಹುಡ್ ಹಾಗೂ ಮುಚ್ಚಿದ ಕನ್ನಡಕ ಇಲ್ಲದೆ ಬಾಟಲಿ ತೆರೆಯಬೇಡಿ. ತೆಳು ನೈಟ್ರೈಲ್ ಕೈಗವಸಿನ ಮೇಲೆ ಹನಿ ಬಿದ್ದರೆ ಒರೆಸುತ್ತ ಕೂರದೆ ಕೂಡಲೇ ಬದಲಿಸಿ. ಡಿಎಂಎಸ್‌ಒ ತಾನು ಚರ್ಮದೊಳಕ್ಕೆ ಇಳಿಯುವುದಲ್ಲದೆ ತನ್ನಲ್ಲಿ ಕರಗಿದ್ದನ್ನೂ ಒಳಗೆ ಒಯ್ಯುತ್ತದೆ.

## ಹಂತ 1: ಪುಡಿಯ ಜಾತಕ ಓದಿ

ಬಾಟಲಿಯ ಜೊತೆ ಬಂದ ಪ್ರಮಾಣಪತ್ರದಲ್ಲಿ ಎರಡು ಸಾಲು ಹುಡುಕಿ: ಲವಣದ ರೂಪ ಯಾವುದು, ನಿವ್ವಳ ಪೆಪ್ಟೈಡ್ ಎಷ್ಟು ಶೇಕಡ. ಘನಹಂತ ಸಂಶ್ಲೇಷಣೆಯಿಂದ ಬಂದು ಎಚ್‌ಪಿಎಲ್‌ಸಿಯಲ್ಲಿ (ದ್ರವ ಕ್ರೊಮ್ಯಾಟೋಗ್ರಫಿ) ಶುದ್ಧವಾದ ಪೆಪ್ಟೈಡುಗಳಲ್ಲಿ ಟ್ರೈಫ್ಲೂರೋಅಸಿಟಿಕ್ ಆಮ್ಲ ಉಳಿದಿರುವುದು ಸಾಮಾನ್ಯ. ಅದು ನೀರನ್ನು ಆಮ್ಲೀಯಗೊಳಿಸಿ ಎಫ್‌ಎಫ್‌ನ ಕಾರ್ಬಾಕ್ಸಿಲೇಟ್ ತುದಿಯ ಋಣ ಆವೇಶ ಕಳೆಯುತ್ತದೆ. ತಲೆಗೆ ಬಾಲ ಸಿಗದಿದ್ದ ಮೇಲೆ ಕರಗುವಿಕೆ ಏರಿ ಕೊಳವೆ ಬರುವುದಿಲ್ಲ. ಪರೀಕ್ಷೆ ಸುಲಭ: 2 ಮಿಲಿಗ್ರಾಂ ಪುಡಿಯನ್ನು 1 ಮಿಲಿಲೀಟರ್ ನೀರಿಗೆ ಹಾಕಿ ಪಿಎಚ್ ನೋಡಿ. 5ರಿಂದ 6ರ ನಡುವೆ ಇದ್ದರೆ ಸರಿ. 3ರ ಹತ್ತಿರ ಇದ್ದರೆ ಪುಡಿ ಲವಣರೂಪದ್ದು. ಇನ್ಫ್ರಾರೆಡ್‌ನಲ್ಲಿ 1673 ಸೆಂಟಿಮೀಟರ್ ವಿಲೋಮದ ಬಳಿ ಚೂಪಾದ ಪಟ್ಟೆ ಕಂಡರೂ ಅದೇ ಅರ್ಥ.

ಇದೇ ಹೊತ್ತಿಗೆ ಸಾವಯವ ದ್ರಾವಕ ಇಲ್ಲದ ಒಂದು ಮಾದರಿಯನ್ನೂ ಮಾಡಿಟ್ಟುಕೊಳ್ಳಿ. 2 ಮಿಲಿಗ್ರಾಂ ಎಫ್‌ಎಫ್, 1 ಮಿಲಿಲೀಟರ್ ನೀರು, ಮುಚ್ಚಿದ ವಯಲ್, 80ರಿಂದ 90 ಡಿಗ್ರಿಯ ಬಾತ್. ಪೂರ್ತಿ ತಿಳಿಯಾದ ಮೇಲೆ ಬಾತ್ ಆರಿಸಿ, ವಯಲನ್ನು ಅದರೊಳಗೇ ಬಿಟ್ಟು ತಾನಾಗಿ ತಣಿಯಲು ಬಿಡಿ. ಉದ್ದನೆಯ ಕೊಳವೆಗಳು, ಬಹುತೇಕ ದಪ್ಪನೆಯವು, ಬರಬೇಕು. ಈ ಮಾದರಿ ಮುಂದೆ ನಿಮ್ಮ ಸಾಕ್ಷಿ. ಇದು ಬಂದು ಎಚ್‌ಎಫ್‌ಐಪಿ ದಾರಿಯದು ಬಾರದಿದ್ದರೆ ತಪ್ಪು ದ್ರಾವಕದಲ್ಲಿ ಅಥವಾ ಸ್ಟಾಕಿನಲ್ಲಿದೆ. ಎರಡೂ ಬಾರದಿದ್ದರೆ ಪುಡಿಯಲ್ಲಿದೆ. ಈ ಚಿಕ್ಕ ಕೆಲಸ ತಪ್ಪಿಸಿದವರೇ ಆಮೇಲೆ ವಾರಗಟ್ಟಲೆ ಕತ್ತಲಲ್ಲಿ ತಡಕಾಡುತ್ತಾರೆ.

## ಹಂತ 2: ಸ್ಟಾಕ್ ದ್ರಾವಣ

1. ಒಣಗಿದ ಗಾಜಿನ ವಯಲಿಗೆ 10.0 ಮಿಲಿಗ್ರಾಂ ಎಫ್‌ಎಫ್ ತೂಗಿ.
2. ಗಾಜಿನ ಸಿರಿಂಜಿನಿಂದ 100 ಮೈಕ್ರೋಲೀಟರ್ ಎಚ್‌ಎಫ್‌ಐಪಿ ಹಾಕಿ ಕೂಡಲೇ ಮುಚ್ಚಿ.
3. ತಿಳಿಯಾಗುವವರೆಗೆ ಕೈಯಲ್ಲೇ ತಿರುಗಿಸಿ. ಬಿಸಿ ಬೇಡ, ಸೋನಿಕೇಟರ್ ಬೇಡ.
4. ಅದೇ ದಿನ ಬಳಸಿ.

ಎಚ್‌ಎಫ್‌ಐಪಿಯ ಸಾಂದ್ರತೆ 1.6. ಆವಿಯೂ ಹೆಚ್ಚು, ತೂಕವೂ ಹೆಚ್ಚು, ಆದ್ದರಿಂದ ಮಾಮೂಲಿ ಪಿಪೆಟ್ಟಿನ ತುದಿಯಿಂದ ಅದು ತಾನಾಗಿ ತೊಟ್ಟಿಕ್ಕುತ್ತದೆ. 20 ಮೈಕ್ರೋಲೀಟರ್ ಎಂದುಕೊಂಡದ್ದು 14 ಆಗಿರಬಹುದು. ಗಾಜಿನ ಸಿರಿಂಜ್ ಇಲ್ಲದಿದ್ದರೆ ತುದಿಯನ್ನು ಮೂರು ಬಾರಿ ಅದೇ ದ್ರಾವಕದಲ್ಲಿ ತೊಯ್ಸಿ, ತಕ್ಕಡಿಯ ಮೇಲಿಟ್ಟ ವಯಲಿಗೆ ಹಾಕಿ ತೂಕದಿಂದ ಖಚಿತಪಡಿಸಿಕೊಳ್ಳಿ: 20 ಮೈಕ್ರೋಲೀಟರ್ ಎಂದರೆ 32 ಮಿಲಿಗ್ರಾಂ.

ಸ್ಟಾಕ್ ಹಳತಾದರೆ ಕೆಡುವುದು ಎರಡು ರೀತಿ. ಮುಚ್ಚಳದ ಸಂದಿನಿಂದ ದ್ರಾವಕ ಆರಿ ಸಾಂದ್ರತೆ ಏರುತ್ತದೆ. ಇಲ್ಲವೇ ಪ್ರತಿ ಸಲ ತೆರೆದಾಗ ಗಾಳಿಯ ತೇವ ಒಳಹೋಗಿ, ಕಣ್ಣಿಗೆ ಕಾಣದ ಬೀಜಗಳು ಸ್ಟಾಕಿನಲ್ಲೇ ಹುಟ್ಟುತ್ತವೆ. ಅಂಥ ಸ್ಟಾಕನ್ನು ನೀರಿಗೆ ಹಾಕಿದರೆ ಬೀಜಗಳ ಸುತ್ತಲೇ ಎಲ್ಲ ಬೆಳೆದು ಗಿಡ್ಡ, ದಪ್ಪ ತುಂಡುಗಳಾಗುತ್ತವೆ. ಮಂಗಳೂರಿನ ಜುಲೈಯಲ್ಲಿ ಈ ಕಾಟ ಬೇಗ, ಕಲಬುರಗಿಯ ಏಪ್ರಿಲ್‌ನಲ್ಲಿ ಆರುವ ಕಾಟ ಬೇಗ. ಪ್ರಬಂಧದ ರೂಂ ಟೆಂಪರೇಚರ್ 20ರಿಂದ 25 ಡಿಗ್ರಿ ಎಂದು ಓದಿಕೊಳ್ಳಿ, ನಿಮ್ಮ ಕೋಣೆಯ 33 ಅಲ್ಲ.

ಬಾಕ್-ಎಫ್‌ಎಫ್ (ಅಮೈನ್ ತುದಿಗೆ ಬಾಕ್ ಎಂಬ ರಕ್ಷಕ ಗುಂಪು ಕಟ್ಟಿದ ಎಫ್‌ಎಫ್) ಬಳಸುವವರಿಗೆ ಇನ್ನೊಂದು ಮಾತು: ಬಿಸಿ ಎಚ್‌ಎಫ್‌ಐಪಿಯಲ್ಲಿ ಬಾಕ್ ಗುಂಪು ಕಳಚಿಕೊಳ್ಳಬಹುದು. ಕರಗುತ್ತಿಲ್ಲವೆಂದು ಬಿಸಿ ಮಾಡಿದರೆ ಕೊನೆಗೆ ನೋಡುತ್ತಿರುವುದು ಬೇರೆಯೇ ಅಣು.

## ಹಂತ 3: ನೀರಿಗೆ ಬೆರೆಸುವುದು

980 ಮೈಕ್ರೋಲೀಟರ್ ನೀರು, 20 ಮೈಕ್ರೋಲೀಟರ್ ಸ್ಟಾಕ್. ಕೊನೆಯಲ್ಲಿ ಎಫ್‌ಎಫ್ ಮಿಲಿಲೀಟರಿಗೆ 2 ಮಿಲಿಗ್ರಾಂ, ಎಚ್‌ಎಫ್‌ಐಪಿ ಶೇ. 2. ಲೆಕ್ಕ ಇಷ್ಟೇ, ಆದರೆ ಯಾವುದನ್ನು ಯಾವುದಕ್ಕೆ ಹಾಕುತ್ತೀರಿ ಎಂಬುದರ ಮೇಲೆ ರಚನೆ ನಿಂತಿದೆ.

ಸ್ಟಾಕನ್ನು ನೀರಿಗೆ ಒಂದೇ ಸಲ ಹಾಕಿ ಕೂಡಲೇ ಕಲಕಿದರೆ ಎಫ್‌ಎಫ್ ಕ್ಷಣದಲ್ಲಿ ಅತಿಸಾಂದ್ರ ಸ್ಥಿತಿ ತಲುಪುತ್ತದೆ. ಒಟ್ಟಿಗೆ ಅಸಂಖ್ಯ ಬೀಜ ಹುಟ್ಟಿ ಸಪೂರ ಕೊಳವೆಗಳು ಬರುತ್ತವೆ. ನೀರನ್ನು ಸ್ಟಾಕಿಗೆ ಹನಿಹನಿಯಾಗಿ ಹಾಕಿದರೆ ದ್ರಾವಣ ಶೇ. 80, 60, 40 ಎಚ್‌ಎಫ್‌ಐಪಿಯ ಘಟ್ಟಗಳನ್ನು ನಿಧಾನವಾಗಿ ದಾಟುತ್ತದೆ. ಬೀಜ ಕಡಿಮೆ, ಹರಳು ದೊಡ್ಡದು. ಪ್ರಬಂಧಗಳಲ್ಲಿ "ದುರ್ಬಲಗೊಳಿಸಲಾಯಿತು" ಎಂಬ ಒಂದೇ ಕ್ರಿಯಾಪದದ ಹಿಂದೆ ಈ ಎರಡೂ ಅಡಗಿರುತ್ತವೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಮಾತ್ರ ಕ್ರಮ, ವೇಗ, ಕಲಕಿದ ಸೆಕೆಂಡು, ಮೂರನ್ನೂ ಬರೆಯಿರಿ.

ಸರಿಯಾದ ಕ್ರಮ: ನೀರಿನ ಮೇಲ್ಮೈಯ ಕೆಳಗೆ ಸೂಜಿಯ ತುದಿ ಇಟ್ಟು ಸ್ಟಾಕ್ ಬಿಡಿ. ಮೇಲಿನಿಂದ ಬಿಟ್ಟರೆ ಭಾರದ ಎಚ್‌ಎಫ್‌ಐಪಿ ಹನಿ ಸೀದಾ ತಳ ಸೇರಿ ಅಲ್ಲೇ ಪದರವಾಗಿ ಕೂರುತ್ತದೆ, ಬಿಳಿ ಮುದ್ದೆ ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ. 5 ಸೆಕೆಂಡ್ ವೋರ್ಟೆಕ್ಸ್ (ವಯಲನ್ನು ಗಿರ್ರನೆ ಅಲುಗಿಸಿ ಕಲಕುವ ಯಂತ್ರ), ಆಮೇಲೆ ಕೈ ಹಚ್ಚಬೇಡಿ. ನಿಮಿಷಗಳಲ್ಲಿ ಮಸುಕು, ನಂತರ ಹತ್ತಿಯಂಥ ಎಳೆಗಳು ಕಾಣಬೇಕು. ಮುಚ್ಚಿ 24 ಗಂಟೆ, 22ರಿಂದ 25 ಡಿಗ್ರಿಯಲ್ಲಿ ಬಿಡಿ.

ಒಂದು ಅಂಕಿ ನೆನಪಿನಲ್ಲಿರಲಿ. ಎಫ್‌ಎಫ್ ನೀರಿನಲ್ಲಿ ಕೋಣೆಯ ಉಷ್ಣತೆಗೆ ಮಿಲಿಲೀಟರಿಗೆ ಸುಮಾರು 0.8 ಮಿಲಿಗ್ರಾಂ ಕರಗುತ್ತದೆ. 2 ಮಿಲಿಗ್ರಾಂ ಹಾಕಿದಾಗ ಕೊಳವೆಯಾಗುವುದು ಸುಮಾರು 1.2 ಮಾತ್ರ, ಉಳಿದದ್ದು ಕರಗಿಯೇ ಇರುತ್ತದೆ. ಮಿಲಿಲೀಟರಿಗೆ 0.5 ಮಿಲಿಗ್ರಾಂ ಹಾಕಿ ಕೊಳವೆಗೆ ಕಾಯುವವರು ಎಷ್ಟು ದಿನ ಕಾದರೂ ಅಷ್ಟೇ.

## ಹಂತ 4: ದ್ರಾವಕದ ಪಾಲು ಬದಲಿಸುವ ಸರಣಿ

ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಸ್ಟಾಕನ್ನೇ 20, 40, 80 ಮೈಕ್ರೋಲೀಟರ್ ಹಾಕುವುದು. ಆಗ ಎಚ್‌ಎಫ್‌ಐಪಿಯ ಜೊತೆ ಪೆಪ್ಟೈಡೂ ಎರಡು, ನಾಲ್ಕು ಪಟ್ಟು ಆಗುತ್ತದೆ. ಫಲ ಬಂದದ್ದು ಯಾವುದರಿಂದ ಎಂದು ಹೇಳಲಾಗುವುದಿಲ್ಲ. ಪೆಪ್ಟೈಡನ್ನು 2 ಮಿಲಿಗ್ರಾಂಗೆ ಕಟ್ಟಿಹಾಕಿ ಹೀಗೆ ಮಾಡಿ (ಮಿಲಿಗ್ರಾಂ ಎಂದರೆ ಮಿಲಿಲೀಟರಿಗೆ, ಸ್ಟಾಕ್ ಮತ್ತು ನೀರಿನ ಅಳತೆ ಮೈಕ್ರೋಲೀಟರಿನಲ್ಲಿ):

- ಶೇ. 2: 100 ಮಿಲಿಗ್ರಾಂ ಸ್ಟಾಕ್ 20, ನೀರು 980
- ಶೇ. 4: 50 ಮಿಲಿಗ್ರಾಂ ಸ್ಟಾಕ್ 40, ನೀರು 960
- ಶೇ. 8: 25 ಮಿಲಿಗ್ರಾಂ ಸ್ಟಾಕ್ 80, ನೀರು 920
- ಶೇ. 20: 10 ಮಿಲಿಗ್ರಾಂ ಸ್ಟಾಕ್ 200, ನೀರು 800

ಜೊತೆಗೆ ಪೆಪ್ಟೈಡ್ ಇಲ್ಲದ ಶೇ. 2ರ ಖಾಲಿ ಮಾದರಿ ಒಂದು. ಎಚ್‌ಎಫ್‌ಐಪಿ ಪಾಲು ಏರಿದಂತೆ ಕರಗುವಿಕೆ ಏರುತ್ತದೆ, ಮಸುಕು ತಡವಾಗುತ್ತದೆ, ಕೊನೆಗೆ ಬರುವುದೇ ಇಲ್ಲ. ಯಾವ ಪಾಲಿನಲ್ಲಿ ನಿಂತಿತು ಎಂಬುದೇ ನಿಮ್ಮ ಪುಡಿಗೆ, ನಿಮ್ಮ ಕೋಣೆಗೆ ಸೇರಿದ ಗಡಿ. ಬೇರೆಯವರ ಗಡಿಯನ್ನು ಎರವಲು ತರಬೇಡಿ.

ಎಷ್ಟು ಕರಗಿ ಉಳಿದಿದೆ ಎಂದು ತಿಳಿಯಲು ಸೆಂಟ್ರಿಫ್ಯೂಜಿನಲ್ಲಿ 10,000 ಜಿಗೆ 10 ನಿಮಿಷ ತಿರುಗಿಸಿ ಮೇಲಿನ ತಿಳಿಯನ್ನು 257 ನ್ಯಾನೊಮೀಟರಿನಲ್ಲಿ ಅಳೆಯಿರಿ. ಫಿನೈಲ್‌ಅಲನಿನ್ ಉಂಗುರದ ಬೆಳಕಿನ ಹೀರಿಕೆ ದುರ್ಬಲ, ಮೋಲಾರ್ ಲೆಕ್ಕದಲ್ಲಿ ಒಂದಕ್ಕೆ ಸುಮಾರು 195, ಅಂದರೆ ಎಫ್‌ಎಫ್‌ಗೆ 390ರ ಆಸುಪಾಸು. ಮಿಲಿಲೀಟರಿಗೆ 1 ಮಿಲಿಗ್ರಾಂ ಎಂದರೆ 1 ಸೆಂಟಿಮೀಟರ್ ಕ್ಯುವೆಟ್ಟಿನಲ್ಲಿ ಸುಮಾರು 1.2. 320 ನ್ಯಾನೊಮೀಟರಿನಲ್ಲೂ ಹೀರಿಕೆ ಕಂಡರೆ ಅದು ಉಳಿದ ತುಂಡುಗಳ ಚದುರಿಕೆ. ಮತ್ತೆ ತಿರುಗಿಸಿ. ಡಿಎಂಎಸ್‌ಒ, ಟಾಲೀನ್, ಅಸಿಟೋನ್‌ಗಳಲ್ಲಿ ಈ ಅಳತೆ ಆಗದು. ಅವು 268, 284, 330 ನ್ಯಾನೊಮೀಟರಿನ ಕೆಳಗೆ ತಾವೇ ಬೆಳಕು ನುಂಗುತ್ತವೆ.

ಬಾಕ್-ಎಫ್‌ಎಫ್‌ನಲ್ಲಿ ದ್ರಾವಕದ ಪ್ರಭಾವ ಇನ್ನೂ ನಾಟಕೀಯ. ಅದೇ ಎಚ್‌ಎಫ್‌ಐಪಿ ಸ್ಟಾಕ್ ನೀರಿಗೆ ಬಿದ್ದರೆ ಕೊಳವೆ, ಶೇ. 50 ಎಥನಾಲಿಗೆ ಬಿದ್ದರೆ ಗೋಳ. 50 ಮೈಕ್ರೋಲೀಟರ್ ಸ್ಟಾಕ್, 950 ಮಿಶ್ರಣ, ಅಂದರೆ ಮಿಲಿಲೀಟರಿಗೆ 5 ಮಿಲಿಗ್ರಾಂನಿಂದ ಶುರು ಮಾಡಿ. ಎಥನಾಲ್ ಮತ್ತು ನೀರನ್ನು ಮೊದಲೇ ಬೆರೆಸಿ ತಣಿಯಲು ಬಿಡಿ, ಬೆರೆಸುವಾಗ ಬಿಸಿ ಹುಟ್ಟುತ್ತದೆ. 50 ಮತ್ತು 50 ಮಿಲಿಲೀಟರ್ ಸೇರಿ 100 ಆಗುವುದಿಲ್ಲ, 97ರಷ್ಟಾಗುತ್ತದೆ. ಮಾರ್ಕಿನವರೆಗೆ ನೀರು ತುಂಬಿಸಿದರೆ ಪಾಲು ಸರಿಯುತ್ತದೆ. ಎರಡನ್ನೂ ಬೇರೆಬೇರೆ ಅಳೆದು ಬೆರೆಸಿ.

## ಹಂತ 5: ನೀರಿಲ್ಲದ ದಾರಿ

20 ಮೈಕ್ರೋಲೀಟರ್ ಎಫ್‌ಎಫ್ ಸ್ಟಾಕನ್ನು 980 ಮೈಕ್ರೋಲೀಟರ್ ಒಣ ಟಾಲೀನಿಗೆ ಹಾಕಿದರೆ ಕೊಳವೆಯಲ್ಲ, ಸಪೂರ ನಾರುಗಳ ಜಾಲ, ಅಂದರೆ ಆರ್ಗನೋಜೆಲ್ (ಸಾವಯವ ದ್ರಾವಕ ಹಿಡಿದಿಟ್ಟ ಜೆಲ್) ಕಡೆಗೆ ಹೋಗುತ್ತದೆ. 2 ಮಿಲಿಗ್ರಾಂಗೆ ನಿಲ್ಲದಿದ್ದರೆ 5ಕ್ಕೆ ಏರಿಸಿ. ಟಾಲೀನಿಗೆ ಎಥನಾಲ್ ಬೆರೆಸುತ್ತ ಹೋದರೆ ಜೆಲ್ ಹೋಗಿ ಹೂವಿನಂತೆ ಅರಳಿದ ಸೂಕ್ಷ್ಮ ಹರಳುಗಳು ಬರುತ್ತವೆ. ಎಥನಾಲ್ ಹೈಡ್ರೋಜನ್ ಬಂಧ ಕೊಡುತ್ತದೆ, ಪಡೆಯುತ್ತದೆ. ನಾರಿನೊಳಗಿನ ಬಂಧಗಳ ನಡುವೆ ತಾನೇ ನುಸುಳಿ ಬೇರೆ ಜೋಡಣೆಗೆ ದಾರಿ ಮಾಡುತ್ತದೆ. ಎಥನಾಲ್ ಶೇ. 0, 5, 10, 25, 50 ಎಂದು ಐದು ವಯಲ್ ಸಾಕು. ಜೆಲ್ ಯಾವಾಗ ಹರಳಾಯಿತು ಎಂದು ವಯಲ್ ಹಿಡಿದು ನೋಡಿದರೇ ತಿಳಿಯುತ್ತದೆ: ಜೆಲ್ ಒಂದೇ ಸಮನೆ ಮಸುಕು, ಹರಳು ಮಿನುಗುತ್ತದೆ.

ಈ ದಾರಿಯ ಶತ್ರು ಲೇಬಲ್ಲಿನಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಕ್ಲೋರೋಫಾರಂ ಕೆಡದಂತೆ ಅನೇಕ ಕಂಪನಿಗಳು ಶೇ. 0.5ರಿಂದ 1ರಷ್ಟು ಎಥನಾಲ್ ಸೇರಿಸುತ್ತವೆ. ಡೈಕ್ಲೋರೋಮೀಥೇನಿಗೆ ಕೆಲವರು ಅಮಿಲೀನ್, ಕೆಲವರು ಆಲ್ಕೊಹಾಲ್ ಹಾಕುತ್ತಾರೆ. ಡೈಕ್ಲೋರೋಮೀಥೇನಿನಲ್ಲಿ ಎಥನಾಲ್ ಅಥವಾ ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್) ಲವಲೇಶ ಸೇರಿದರೂ ಎಫ್‌ಎಫ್ ಜೋಡಣೆ ಬದಲಾಗುತ್ತದೆ. ಹೀಗಿರುವಾಗ ಬಾಟಲಿ ಬದಲಾದಾಗ ಫಲಿತಾಂಶ ಬದಲಾದರೆ ಅಚ್ಚರಿ ಏಕೆ? ಸ್ಥಿರಕಾರಿ ಯಾವುದೆಂದು ಓದಿಯೇ ಕೊಳ್ಳಿ. ನೀರು ತೆಗೆಯಲು 3 ಆಂಗ್‌ಸ್ಟ್ರಾಮಿನ ಆಣ್ವಿಕ ಜರಡಿಯನ್ನು 300 ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಿ, ತಣಿಸಿ, ದ್ರಾವಕದಲ್ಲಿ ಕನಿಷ್ಠ 24 ಗಂಟೆ ಇಡಿ. ಬಳಸುವ ಮುನ್ನ ಟೆಫ್ಲಾನ್ ಫಿಲ್ಟರಿನಲ್ಲಿ ಸೋಸಿ, ಜರಡಿಯ ಧೂಳು ಒಳ್ಳೆಯ ಬೀಜ.

ಅಸಿಟೋನ್ ಬಗ್ಗೆ ಎಚ್ಚರ. ತೆರೆದ ಅಮೈನ್ ತುದಿಯಿರುವ ಪೆಪ್ಟೈಡಿನ ಜೊತೆ ಅದು ನಿಧಾನವಾಗಿ ವರ್ತಿಸುತ್ತದೆ. ದಿನಗಟ್ಟಲೆ ಇಡುವ ಪ್ರಯೋಗಕ್ಕೆ ಅದನ್ನು ಆರಿಸಬೇಡಿ.

## ಹಂತ 6: ಎಫ್‌ಮಾಕ್-ಎಫ್‌ಎಫ್ ಜೆಲ್

ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಅಲುಗಿಸಬಾರದೆಂದು ಮನೆಯಲ್ಲಿ ಹೇಳುವುದು ಇಲ್ಲೂ ನಿಯಮ.

1. ಮಿಲಿಲೀಟರಿಗೆ 100 ಮಿಲಿಗ್ರಾಂನಂತೆ ಡಿಎಂಎಸ್‌ಒ ಸ್ಟಾಕ್ ಮಾಡಿ.
2. 50 ಮೈಕ್ರೋಲೀಟರ್ ಸ್ಟಾಕ್ ವಯಲಿಗೆ ಹಾಕಿ.
3. 950 ಮೈಕ್ರೋಲೀಟರ್ ನೀರನ್ನು ಒಂದೇ ಸಲ, ಜೋರಾಗಿ ಸೇರಿಸಿ. 2 ಸೆಕೆಂಡ್ ವೋರ್ಟೆಕ್ಸ್.
4. ಸಮತಟ್ಟು ಜಾಗದಲ್ಲಿ ಇಟ್ಟು ಕನಿಷ್ಠ 1 ಗಂಟೆ ಮುಟ್ಟಬೇಡಿ.

ಮೊದಲು ಹಾಲಿನಂತೆ ಬೆಳ್ಳಗಾಗುತ್ತದೆ. ಅದನ್ನು ಕಂಡು ಕೆಟ್ಟಿತೆಂದು ಚೆಲ್ಲುವವರಿದ್ದಾರೆ. ಅದು ಡಿಎಂಎಸ್‌ಒ ಮತ್ತು ಪೆಪ್ಟೈಡ್ ಸೇರಿದ ಸೂಕ್ಷ್ಮ ಹನಿಗಳ ಬಿಳುಪು. ನಿಮಿಷಗಳಲ್ಲಿ ಹನಿಗಳು ಕರಗಿ ನಾರುಗಳಾಗುತ್ತ ಮಿಶ್ರಣ ತಿಳಿಯಾಗುತ್ತದೆ, ಗಟ್ಟಿಯಾಗುತ್ತದೆ. ಬಿಳುಪು ಹೋಗದೆ ಉಳಿದರೆ ಮಾತ್ರ ಚಿಂತಿಸಿ: ಬೆರಕೆ ಸಾಲದು, ಅಥವಾ ನೀರು ತೀರ ತಣ್ಣಗಿತ್ತು. ತಿಳಿಯಾಗುವ ನಡುವೆ ಇನ್ನೊಮ್ಮೆ ಕಲಕಿದರೆ ಹುಟ್ಟುತ್ತಿದ್ದ ಜಾಲ ಹರಿದು, ಕೊನೆಗೆ ಒಡೆದ ಮೊಸರಿನಂತಾಗುತ್ತದೆ.

ಡಿಎಂಎಸ್‌ಒ ಪಾಲು ಬದಲಿಸುವಾಗಲೂ ಪೆಪ್ಟೈಡ್ 5 ಮಿಲಿಗ್ರಾಂಗೆ ಸ್ಥಿರವಾಗಿರಲಿ: ಶೇ. 10ಕ್ಕೆ 50 ಮಿಲಿಗ್ರಾಂ ಸ್ಟಾಕ್ 100 ಮೈಕ್ರೋಲೀಟರ್, ಶೇ. 20ಕ್ಕೆ 25 ಮಿಲಿಗ್ರಾಂ ಸ್ಟಾಕ್ 200. ಇದರ ಬದಲು ಹಳೆಯ ಗಟ್ಟಿ ಸ್ಟಾಕನ್ನೇ ಬಳಸಿ, ಮಿಕ್ಕ ಡಿಎಂಎಸ್‌ಒವನ್ನು ನೀರಿಗೆ ಬೆರೆಸಿಟ್ಟರೂ ಕೊನೆಯ ಪಾಲು ಅದೇ. ಆದರೆ ಜೆಲ್ ಅದೇ ಅಲ್ಲ, ಏಕೆಂದರೆ ಅಲ್ಲಿಗೆ ತಲುಪಿದ ದಾರಿ ಬೇರೆ. ಒಂದು ಸರಣಿಯಲ್ಲಿ ಒಂದೇ ದಾರಿ ಹಿಡಿಯಿರಿ.

ಡಿಎಂಎಸ್‌ಒ ನೀರು ಹೀರುತ್ತದೆ. ಶುದ್ಧವಾದದ್ದು 18.5 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ. ಫ್ರಿಜ್ಜಿನಲ್ಲಿ ರಾತ್ರಿಯಿಟ್ಟ ಸಣ್ಣ ವಯಲ್ ಬೆಳಿಗ್ಗೆಗೂ ದ್ರವವಾಗಿಯೇ ಇದ್ದರೆ ಆ ಬಾಟಲಿ ನೀರು ಕುಡಿದಿದೆ, ಬದಲಿಸಿ. ಡಿಎಂಎಫ್ ಬಳಸುವ ಆಸೆ ಬಂದರೆ ಮೊದಲು ಲಿಟ್ಮಸ್ ಪರೀಕ್ಷೆ ಮಾಡಿ. ಹಳೆಯ ಡಿಎಂಎಫ್ ಒಡೆದು ಡೈಮೀಥೈಲ್‌ಅಮೈನ್ ಕೊಡುತ್ತದೆ, ಅದು ಎಫ್‌ಮಾಕ್ ಗುಂಪನ್ನೇ ಕಿತ್ತುಹಾಕುತ್ತದೆ.

ಜೀವಕೋಶ ಬೆಳೆಸುವವರು ಶೇ. 5 ಡಿಎಂಎಸ್‌ಒ ಇರುವ ಜೆಲ್ ಮೇಲೆ ಕೋಶ ಹಾಕಿ, ಸತ್ತಾಗ ಪೆಪ್ಟೈಡನ್ನು ದೂರುವುದುಂಟು. ಜೆಲ್ ನಿಂತ ಮೇಲೆ ಮೇಲ್ಗಡೆ ಬಫರ್ ಸುರಿದು, ಕೆಲವು ಗಂಟೆಗೊಮ್ಮೆ ಬದಲಿಸುತ್ತ, ಎರಡು ದಿನ ತೊಳೆಯಿರಿ.

## ಹಂತ 7: ತೊಳೆಯುವುದು, ಒಣಗಿಸುವುದು

ಒಳ್ಳೆಯ ಮಾದರಿಗಳು ಹಾಳಾಗುವುದು ಬಹುಪಾಲು ಇಲ್ಲಿ.

1.2 ಮಿಲಿಗ್ರಾಂ ಎಫ್‌ಎಫ್ ಕೊಳವೆಗಳನ್ನು 1 ಮಿಲಿಲೀಟರ್ ಶುದ್ಧ ನೀರಿನಲ್ಲಿ ತೊಳೆದರೆ 0.8 ಮಿಲಿಗ್ರಾಂವರೆಗೆ ಕರಗಿ ಹೋಗಬಹುದು. ಎರಡನೇ ತೊಳೆತಕ್ಕೆ ಏನೂ ಉಳಿಯುವುದಿಲ್ಲ. ಎಫ್‌ಎಫ್ ಕೊಳವೆ ಗಟ್ಟಿಮುಟ್ಟು ಎಂಬ ಖ್ಯಾತಿ ಒಣ ಸ್ಥಿತಿಯದು, ದ್ರವದಲ್ಲಿ ಅದು ಸಕ್ಕರೆ ಗೊಂಬೆ. ಮೆಥನಾಲ್, ಎಥನಾಲ್‌ಗಳಲ್ಲಿ ತೊಳೆಯುವ ಯೋಚನೆಯನ್ನೂ ಬಿಡಿ. ಎಚ್‌ಎಫ್‌ಐಪಿ ತೆಗೆಯಬೇಕಿದ್ದರೆ ಎಫ್‌ಎಫ್‌ನಿಂದ ಮೊದಲೇ ಸಂತೃಪ್ತಗೊಳಿಸಿದ, ಅಂದರೆ ಇನ್ನಷ್ಟು ಕರಗದಷ್ಟು ತುಂಬಿದ, ನೀರು ಬಳಸಿ: ಮಿಲಿಲೀಟರಿಗೆ 2 ಮಿಲಿಗ್ರಾಂ ಪುಡಿ ಹಾಕಿ ರಾತ್ರಿಯಿಡೀ ಕಲಕಿ, ಸೋಸಿದ ತಿಳಿ.

ಒಣಗುವಾಗ ದ್ರಾವಕದ ಪಾಲು ಮತ್ತೆ ಬದಲಾಗುತ್ತದೆ. ಎಚ್‌ಎಫ್‌ಐಪಿ ನೀರಿಗಿಂತ ಮೊದಲು ಹಾರುತ್ತದೆ, ಕರಗಿ ಉಳಿದಿದ್ದ ಎಫ್‌ಎಫ್ ಗ್ರಿಡ್ಡಿನ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಮಾದರಿ ಇಡುವ ಜಾಲರಿ) ಮೇಲೆ ಹೊಸ ರಚನೆಗಳಾಗಿ ಬೀಳುತ್ತದೆ. ಡಿಎಂಎಸ್‌ಒ 189 ಡಿಗ್ರಿಯಲ್ಲಿ ಕುದಿಯುವಂಥದ್ದು, ನೀರು ಹೋದ ಮೇಲೆ ಅದೇ ಉಳಿದು ನಾರುಗಳನ್ನು ಕರಗಿಸುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು ವಯಲಿನಲ್ಲಿ ಇತ್ತೇ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಮೂರು ಮಾದರಿ ಹೋಲಿಸಿ: ಒದ್ದೆಯಾಗಿಯೇ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಕಂಡದ್ದು, ಹನಿಯಿಟ್ಟು 30 ಸೆಕೆಂಡಿಗೆ ಫಿಲ್ಟರ್ ಕಾಗದದಿಂದ ಹೀರಿದ ಗ್ರಿಡ್, ಹನಿಯಿಟ್ಟು ತಾನಾಗಿ ಒಣಗಲು ಬಿಟ್ಟ ಗ್ರಿಡ್. ಮೂರನೆಯದರಲ್ಲಿ ಮಾತ್ರ ಕಂಡದ್ದು ಒಣಗುವಿಕೆಯ ಕೂಸು. ಕ್ರಯೋ-ಟೆಮ್ (ಮಾದರಿಯನ್ನು ಒಣಗಿಸದೆ ಹೆಪ್ಪುಗಟ್ಟಿಸಿ ನೋಡುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಸಿಗುವುದಾದರೆ ಈ ತಕರಾರೇ ಇಲ್ಲ.

ಒವನ್ನಿನಲ್ಲಿ ಒಣಗಿಸುವವರು ಉಷ್ಣತೆ ನೋಡಿಕೊಳ್ಳಿ. 150 ಡಿಗ್ರಿಯ ಹತ್ತಿರ ಎಫ್‌ಎಫ್ ತನ್ನೆರಡು ತುದಿ ಸೇರಿಸಿಕೊಂಡು, ನೀರು ಕಳೆದು, ಚಕ್ರೀಯ ಅಣುವಾಗುತ್ತದೆ. ಆಕಾರ ಕೊಳವೆಯದೇ ಉಳಿಯಬಹುದು, ವಸ್ತು ಅದಲ್ಲ.

## ಹಂತ 8: ಬಂದದ್ದು ಏನೆಂದು ಖಚಿತಪಡಿಸಿ

ಎಕ್ಸ್-ರೇ ವಿವರ್ತನೆ ಎಲ್ಲಕ್ಕಿಂತ ನೇರ. ನೀರಿನಲ್ಲಿ ಬೆಳೆದ ಎಫ್‌ಎಫ್ ಷಟ್ಕೋನ ಜಾಲದ್ದು, ಅಂಚು ಸುಮಾರು 24 ಆಂಗ್‌ಸ್ಟ್ರಾಮ್. ತಾಮ್ರದ ಕಿರಣದಲ್ಲಿ 4.2, 7.3, 8.5 ಡಿಗ್ರಿಗಳ ಬಳಿ ಶಿಖರಗಳು ಬರಬೇಕು. ಅನೇಕ ಯಂತ್ರಗಳು 10 ಡಿಗ್ರಿಯಿಂದ ಸ್ಕ್ಯಾನ್ ಶುರು ಮಾಡುತ್ತವೆ. ಮಾದರಿ ಕೊಡುವಾಗಲೇ 3 ಡಿಗ್ರಿಯಿಂದ ಶುರು ಮಾಡಿ ಎಂದು ಚೀಟಿಯಲ್ಲಿ ಬರೆಯಿರಿ, ಇಲ್ಲವಾದರೆ ಬೇಕಾದ ಮೂರೂ ಶಿಖರ ಕಾಗದದ ಹೊರಗೇ ಉಳಿಯುತ್ತವೆ.

ಗೋಳಗಳ ಗಾತ್ರ ಡಿಎಲ್‌ಎಸ್‌ನಲ್ಲಿ (ಬೆಳಕಿನ ಚದುರಿಕೆಯಿಂದ ಗಾತ್ರ ತಿಳಿಯುವ ವಿಧಾನ) ಅಳೆಯುವಾಗ ಸ್ನಿಗ್ಧತೆಯ ಖಾನೆ ನೋಡಿ. 25 ಡಿಗ್ರಿಯಲ್ಲಿ ನೀರಿನದು 0.89, ಶೇ. 50 ಎಥನಾಲಿನದು 2.3ಕ್ಕೂ ಮೇಲೆ. ನೀರಿನ ಅಂಕಿಯನ್ನೇ ಹಾಗೇ ಉಳಿಸಿದರೆ ಗೋಳ ಎರಡೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ. ಉದ್ದನೆಯ ಕೊಳವೆಗೆ ಡಿಎಲ್‌ಎಸ್ ಬೇಡವೇ ಬೇಡ, ಅದು ಎಲ್ಲವನ್ನೂ ಗೋಳವೆಂದೇ ಲೆಕ್ಕ ಹಾಕುತ್ತದೆ.

ಇನ್ಫ್ರಾರೆಡ್‌ನಲ್ಲಿ ನೀರಿನ 1640ರ ಪಟ್ಟೆ ಅಮೈಡ್ ಪಟ್ಟೆಯನ್ನು ಮುಚ್ಚುತ್ತದೆಂದು ಭಾರಜಲ ಬಳಸುವುದು ವಾಡಿಕೆ. ಭಾರಜಲವೂ ಬೇರೆಯೇ ದ್ರಾವಕ ಎಂಬುದು ಮರೆಯದಿರಲಿ, ಅದರಲ್ಲಿ ಬೆಳೆದ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲೂ ಒಮ್ಮೆ ನೋಡಿ.

## ಕೆಟ್ಟಾಗ ಎಲ್ಲಿ ನೋಡಬೇಕು

24 ಗಂಟೆಯಾದರೂ ತಿಳಿನೀರು. ಸ್ಟಾಕ್ ಕಡಿಮೆ ಬಿದ್ದಿದೆ, ಪಿಎಚ್ 3ರ ಹತ್ತಿರ ಇದೆ, ಅಥವಾ ಕೋಣೆ ಬಿಸಿಯಾಗಿದೆ. ಈ ಕ್ರಮದಲ್ಲೇ ನೋಡಿ.

ತಳದಲ್ಲಿ ಮುದ್ದೆ, ಮೇಲೆ ತಿಳಿ. ಬೆರಕೆ ತಡವಾಗಿದೆ. ವಯಲನ್ನು ಅಲುಗಿಸಿ ಸರಿಪಡಿಸಲು ಹೋಗಬೇಡಿ. 90 ಡಿಗ್ರಿಗೆ ಬಿಸಿ ಮಾಡಿ ಕರಗಿಸಿ ತಣಿಸಿದರೆ ಕೊಳವೆ ಬಂದೀತು, ಆದರೆ ಅದನ್ನು ಎಚ್‌ಎಫ್‌ಐಪಿ ಮಾದರಿ ಎಂದು ಬರೆಯುವಂತಿಲ್ಲ.

ನಿನ್ನೆ ಇದ್ದ ಕೊಳವೆ ಇಂದು ದಪ್ಪ ಸೂಜಿ. ಸಪೂರವಾದವು ಕರಗಿ ದಪ್ಪವಾದವುಗಳ ಮೇಲೆ ಕೂರುವುದು ಸಹಜ ಪ್ರಕ್ರಿಯೆ. ಹಗಲು 32, ರಾತ್ರಿ 20 ಡಿಗ್ರಿ ಆಗುವ ಕೋಣೆಯಲ್ಲಿ ಅದು ಬೇಗ ನಡೆಯುತ್ತದೆ. ವಯಲನ್ನು 25 ಡಿಗ್ರಿಯ ಇನ್‌ಕ್ಯುಬೇಟರಿಗೆ ಸಾಗಿಸಿ.

ಖಾಲಿ ಮಾದರಿಯಲ್ಲೂ ನಾರು. ಫಿಲ್ಟರ್, ಮುಚ್ಚಳದ ಒಳಪದರ, ಪಿಪೆಟ್ ತುದಿ: ಎಚ್‌ಎಫ್‌ಐಪಿ ಮುಟ್ಟಿದ ಪ್ಲಾಸ್ಟಿಕ್ಕನ್ನೆಲ್ಲ ಒಂದೊಂದಾಗಿ ಗಾಜಿಗೆ ಬದಲಿಸಿ. ಖಾಲಿ ಮಾದರಿ ಸ್ವಚ್ಛವಾಗುವವರೆಗೆ ಪೆಪ್ಟೈಡ್ ಬಾಟಲಿ ತೆರೆಯಬೇಡಿ.